ಚಳಿಗೆ ನಮ್ಮ ಲಾನ್ ಪೂರಾ ಕಂದಾಗಿದೆ, ಉಳಿಸಿಕೊಳ್ಳೋದು ಹೇಗೆ?

ಜೋಳದರೊಟ್ಟಿ (ಬಳ್ಳಾರಿ)
ಜನವರಿ 24, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಗಾಂಧಿನಗರದ ಕಡೆ ನಮ್ಮ ಮನೆ. ಮನೆ ಮುಂದೆ 30 ಅಡಿ ಅಗಲ, 20 ಅಡಿ ಉದ್ದದ ಲಾನ್ ಇದೆ. ಆರು ವರ್ಷದ ಹಿಂದೆ ನಮ್ಮ ಮಾವ ರಿಟೈರ್ ಆದಮೇಲೆ ಸಣ್ಣ ಮಣೆ ಹಾಕ್ಕೊಂಡು ಕೂತು, ಗರಿಕೆ ಬಳ್ಳಿ ತುಂಡು ಮಾಡಿ ಒಂದೊಂದೇ ಕಡ್ಡಿ ನೆಟ್ಟು ಬೆಳೆಸಿದ್ದು. ಎರಡು ವರ್ಷ ಆಯ್ತು ಅವರು ಹೋಗಿ. ಈಗ ಅತ್ತೆ ದಿನಾ ಸಂಜೆ ಅಲ್ಲೇ ಕುರ್ಚಿ ಹಾಕಿಸ್ಕೊಂಡು ಕೂರ್ತಾರೆ. ಅಕ್ಕಪಕ್ಕದ ಮನೆಯ ವಯಸ್ಸಾದವರೂ ಬಂದು ಸೇರ್ತಾರೆ.

ಡಿಸೆಂಬರ್ ಎರಡನೇ ವಾರದಿಂದ ಹುಲ್ಲು ಬಣ್ಣ ಬಿಡೋಕೆ ಶುರುವಾಯ್ತು. ಈಗ ಮನೆ ಕಡೆಯಿಂದ ಸುಮಾರು 15 ಅಡಿ ಒಣಗಿದ ಹುಲ್ಲಿನ ಬಣ್ಣ. ಗೇಟ್ ಕಡೆ 5 ಅಡಿ ಮಾತ್ರ ಹಸಿರು, ಅದರಲ್ಲೂ ಒಂದು ಮೂಲೆ ಹೋಗಿದೆ. ಈ ಸಲ ಚಳಿ ಜಾಸ್ತಿ, ಬೆಳಗಿನ ಜಾವ ಮೊಬೈಲ್ 13 ಡಿಗ್ರಿ ತೋರಿಸ್ತಿತ್ತು. ಚಳಿಗೇ ಸತ್ತಿದೆ ಅಂತ ಎಲ್ಲರೂ ಹೇಳ್ತಿದ್ದಾರೆ. ನಮ್ಮೆಜಮಾನ್ರು ಕಿತ್ತು ಟೈಲ್ಸ್ ಹಾಕಿಸೋಣ ಅಂತಾರೆ. ಅತ್ತೆ ಬಾಯಿಬಿಟ್ಟು ಏನೂ ಹೇಳಲ್ಲ. ಆದರೆ ಮೊನ್ನೆ ಒಬ್ಬರೇ ಬಗ್ಗಿ ಹುಲ್ಲು ಸವರ್ತಾ ಇದ್ದದ್ದು ನೋಡಿದೆ. ದಯವಿಟ್ಟು ಗೊತ್ತಿರೋರು ಹೇಳಿ, ಇದನ್ನ ಉಳಿಸಿಕೊಳ್ಳೋಕೆ ಆಗುತ್ತಾ?

ನರ್ಸರಿಯವ (ಸಿರುಗುಪ್ಪ)
ಜನವರಿ 24, ರಾತ್ರಿ 9:40

ಖಂಡಿತ ಆಗುತ್ತೆ ಮೇಡಂ. ಹದಿನೆಂಟು ವರ್ಷದಿಂದ ಇದೇ ಕೆಲಸ ನಂದು. ಮಷೀನ್ ಹಾಕಿ ನೆಲಮಟ್ಟಕ್ಕೆ ಕತ್ತರಿಸಿಬಿಡಿ. ಮೇಲೆ ತಿಪ್ಪೆ ಗೊಬ್ಬರ, ಕೆಂಪು ಮಣ್ಣು ಕಲಸಿ ಅರ್ಧ ಇಂಚು ಹಾಕಿ. ಒಂದು ಬೊಗಸೆ ಯೂರಿಯಾ ಚೆಲ್ಲಿ, ದಿನಾ ಎರಡು ಹೊತ್ತು ನೀರು ಬಿಡಿ. ಹದಿನೈದು ದಿನಕ್ಕೆ ಹಸಿರಾಗುತ್ತೆ.

ಬಿಎಸ್ಸಿ_ಅಗ್ರಿ (ರಾಯಚೂರು)
ಜನವರಿ 24, ರಾತ್ರಿ 10:05

ಅಕ್ಕಾ, ದಯಮಾಡಿ ಈಗ ಅದ್ಯಾವ್ದೂ ಮಾಡಬ್ಯಾಡ್ರಿ. ನರ್ಸರಿ ಅಣ್ಣಾರ ಅನುಭವದ ಮ್ಯಾಲೆ ನನಗ ಗೌರವ ಅದ, ಅವರು ಹೇಳಿದ್ದು ಮಾರ್ಚ್‌ಗೆ ಸರಿ, ಜನವರಿಗೆ ಸರಿ ಅಲ್ಲ.

ಗರಿಕೆ ಬಿಸಿಲಿನ ಹುಲ್ಲು. 27ರಿಂದ 35 ಡಿಗ್ರಿ ಇದ್ದಾಗ ಅದು ಓಡತದ. ರಾತ್ರಿ 15–16ಕ್ಕಿಂತ ಕೆಳಗ ಇಳಿದರ ಬೆಳವಣಿಗೆ ನಿಧಾನ ಆಗತದ. ಹತ್ತರ ಹತ್ತಿರ ಬಂದರ ಬಣ್ಣಾನೂ ಬಿಡತದ. ಮ್ಯಾಲಿನ ಎಲಿ ಒಣಗಿ, ಗಿಣ್ಣಿನಾಗೂ ಬೇರಿನಾಗೂ ಆಹಾರ ಇಟ್ಕೊಂಡು ಮಲಗತದ. ಮಲಗಿದ ಹುಲ್ಲಿಗೆ ಯೂರಿಯಾ ಹಾಕಿದ್ರ ಉಣ್ಣಾಂಗಿಲ್ಲ. ನೆಲಮಟ್ಟಕ್ಕ ಕತ್ತರಿಸಿದ್ರ ಚಿಗುರಾಕ ಇಟ್ಕೊಂಡ ಶಕ್ತೀನ ನಾವ ಕಸ್ಕೊಂಡಂಗ.

ಮೊದಲ ಒಂದು ಪರೀಕ್ಷೆ ಮಾಡ್ರಿ. ಕಂದಾದ ಜಾಗದಾಗ ನೆಲಕ್ಕ ಹತ್ತಿಕೊಂಡು ಹೋಗಿರೋ ಒಂದು ಬಳ್ಳಿ ಹಿಡ್ಕೊಂಡು, ಗಿಣ್ಣಿನ ಹತ್ರ ಉಗುರಿಲೆ ಕೆರೀರಿ. ಒಳಗ ಬೆಳ್ಳಗ, ಇಲ್ಲಾ ತಿಳಿ ಹಸಿರು ಇದ್ದು ಸ್ವಲ್ಪ ಹಸಿ ಅನಸಿದ್ರ ಜೀವ ಅದ. ಒಳಗೂ ಕಂದಾಗಿ ಪಟಕ್ ಅಂತ ಮುರಿದ್ರ ಅದು ಹೋಗ್ಯದ. ಒಂದ ಕಡೆ ಅಲ್ಲ, ಹತ್ತು ಕಡೆ ನೋಡ್ರಿ.

ತುಂಗೆಯ_ಮಗಳು (ಗಂಗಾವತಿ)
ಜನವರಿ 24, ರಾತ್ರಿ 10:11

ನಮ್ಮದೂ ಹಿಂಗೇ ಆಗೇತ್ರಿ. ಈ ಚರ್ಚೆ ಮುಗಿಯೋಮಟ ನೋಡ್ತಿರ್ತೀನಿ.

ಎಡದಂಡೆ_ರೈತ (ಕಾರಟಗಿ)
ಜನವರಿ 25, ಬೆಳಿಗ್ಗೆ 6:20

ತಂಗೀ, ನೀವು ಗರಿಕೆ ಅನ್ನೋದಕ್ಕ ನಾವು ಕರಕಿ ಅಂತೀವಿ. ನಮ್ಮ ಎರಿ ಹೊಲ್ದಾಗ ಕರಕಿ ಬಿತ್ತಂದ್ರ ಅದನ್ನ ತಗಸಾಕ ಮೂರು ವರ್ಷ ಹೆಣಗಬೇಕು. ಬ್ಯಾಸಗಿ ಬಿಸಲಾಗ ನೇಗಿಲು ಹೊಡದು ಬೇರು ಮ್ಯಾಲ ಮಾಡಿ ಒಣಗಿಸ್ತೀವಿ, ಆರಿಸಿ ಬದುವಿಗೆ ಒಗಿತೀವಿ, ಒಂದು ಮಳಿ ಆದ್ರ ಅಲ್ಲೇ ಬೇರು ಬಿಟ್ಟಿರ್ತದ. ಅಂಥ ಕರಕಿ 13 ಡಿಗ್ರಿ ಥಂಡಿಗೆ ಸಾಯ್ತದ ಅಂದ್ರ ನಾ ಒಪ್ಪಂಗಿಲ್ಲ. ಬ್ಯಾರೆ ಏನೋ ಐತಿ, ಹುಡುಕ್ರಿ.

ಇನ್ನೊಂದು ಮಾತು. ಎರಡನೇ ಬೆಳಿಗೆ ನಾವು ಡಿಸೆಂಬರ್‌ನಾಗ ಭತ್ತದ ಸಸಿಮಡಿ ಹಾಕ್ತೀವಲ್ಲ, ಥಂಡಿಗೆ ಸಸಿ ಹಳದಿ ಆಗಿ ಮ್ಯಾಲೇಳಂಗಿಲ್ಲ. ಹೊಸಬರು ಗಾಬರಿಯಾಗಿ ಯೂರಿಯಾ ಮ್ಯಾಲ ಯೂರಿಯಾ ಹಾಕ್ತಾರ. ಹಳಬರು ಹಂಗ ಮಾಡಂಗಿಲ್ಲ. ಸಂಜಿಗೆ ಮಡಿಗೆ ನೀರು ಕಟ್ತಾರ, ರಾತ್ರಿ ಆ ನೀರು ಬುಡ ಬೆಚ್ಚಗ ಇಡ್ತದ. ಬೆಳಿಗ್ಗೆ ತಣ್ಣಗಾದ ನೀರು ಬಿಟ್ಟು ತಗೀತಾರ. ಥಂಡಿ ಇಳಿದ ಮ್ಯಾಲ ಗೊಬ್ಬರ.

ನರ್ಸರಿಯವ (ಸಿರುಗುಪ್ಪ)
ಜನವರಿ 25, ಬೆಳಿಗ್ಗೆ 8:02

ರಾಯಚೂರಿನ ತಮ್ಮಾ, ಪುಸ್ತಕದಲ್ಲಿ ಇರೋದೆಲ್ಲ ನೆಲದಲ್ಲಿ ಇರಲ್ಲ. ಸಂಕ್ರಾಂತಿ ಆದಮೇಲೆ ನಾನು ಕತ್ತರಿಸಿ ಗೊಬ್ಬರ ಕೊಟ್ಟ ಲಾನ್‌ಗಳು ಎಷ್ಟು ಎದ್ದಿವೆ ಗೊತ್ತಾ? ಬಳ್ಳಾರಿಯೇನು ಕಾಶ್ಮೀರ ಅಲ್ಲ. ಮಧ್ಯಾಹ್ನ 30 ಡಿಗ್ರಿ ಬಿಸಿಲು ಇರುತ್ತೆ, ಮಣ್ಣು ಬಿಸಿ ಆಗೇ ಆಗುತ್ತೆ.

ಬಿಎಸ್ಸಿ_ಅಗ್ರಿ (ರಾಯಚೂರು)
ಜನವರಿ 25, ಬೆಳಿಗ್ಗೆ 8:30

ಮಣ್ಣು ಬಿಸಿ ಆಗೋದು ಬಿಸಿಲು ಬಿದ್ದಲ್ಲಿ ಅಣ್ಣಾ. ಅಕ್ಕನ ಲಾನಿಗೆ ಎಷ್ಟೊತ್ತು ಬಿಸಿಲು ಬೀಳತದ ಅನ್ನೋದ ನಮಗ ಗೊತ್ತಿಲ್ಲ. ಅಕ್ಕಾ, ಈಗಾಗಲೇ ಏನಾದ್ರೂ ಹಾಕೀರೇನು? ನೀರು ಯಾವಾಗ ಬಿಡ್ತೀರಿ?

ಜೋಳದರೊಟ್ಟಿ (ಬಳ್ಳಾರಿ)
ಜನವರಿ 25, ಬೆಳಿಗ್ಗೆ 11:15

ಹಾಕಿದ್ದೀನಿ ತಮ್ಮಾ. ಡಿಸೆಂಬರ್ ಕೊನೆಗೆ ಹುಲ್ಲು ಹಳದಿ ಆಗ್ತಿದೆ ಅಂತ ಎರಡು ಕೆಜಿ ಯೂರಿಯಾ ತಂದು ಪೂರ್ತಿ ಚೆಲ್ಲಿಸಿದೆ. ಆಮೇಲೆ ಇನ್ನೂ ಜಾಸ್ತಿ ಕಂದಾಯ್ತು. ನೀರು ದಿನಾ ಸಂಜೆ ಆರೂವರೆಗೆ ಬಿಡ್ತೀವಿ, ಕೆಲಸದವರು ಆಗಲೇ ಬರೋದು.

ಉಗುರಿನ ಪರೀಕ್ಷೆ ಮಾಡಿದೆ. ಮನೆ ಕಡೆ ಹತ್ತು ಕಡೆ ಕೆರೆದೆ, ಏಳು ಕಡೆ ಒಳಗೆ ಬೆಳ್ಳಗೆ, ನೀವು ಹೇಳಿದ ಹಾಗೆ ಸ್ವಲ್ಪ ಹಸಿ. ಮೂರು ಕಡೆ ಒಣಗಿ ಮುರೀತು. ಗೇಟಿನ ಮೂಲೆಯಲ್ಲಿ ಮಾತ್ರ ಕೆರೆದದ್ದೆಲ್ಲ ಕಂದು, ಒಂದರಲ್ಲೂ ಜೀವ ಕಾಣಲಿಲ್ಲ. ಏಳು ಕಡೆ ಬೆಳ್ಳಗಿದೆ ಅಂತ ಅತ್ತೆಗೆ ಹೇಳಿದಾಗ ಅವರೂ ಒಂದು ಬಳ್ಳಿ ಕೆರೆದು ನೋಡಿದರು.

ಬಿಎಸ್ಸಿ_ಅಗ್ರಿ (ರಾಯಚೂರು)
ಜನವರಿ 25, ಬೆಳಿಗ್ಗೆ 11:48

ಎರಡು ಕೆಜಿ! ನಿಮ್ದು 600 ಚದರ ಅಡಿ, ಅಂದ್ರ ಸುಮಾರು 56 ಚದರ ಮೀಟರ್. ಚಲೋ ಬೆಳೆಯೋ ಕಾಲದಾಗೂ ನೂರು ಚದರ ಮೀಟರಿಗೆ ಒಂದು ಕೆಜಿ ಸಾಕು. ನಿಮ್ಮ ಲಾನಿಗೆ ಅರ್ಧ ಕೆಜಿ ಮ್ಯಾಲೆ ಒಂದು ಹಿಡಿ. ನೀವು ಮೂರೂವರೆ ಪಟ್ಟು ಹಾಕೀರಿ, ಅದೂ ಮಲಗಿರೋ ಹುಲ್ಲಿಗೆ. ಎಲಿ ಮ್ಯಾಲೆ ಕಾಳು ಕುಂತಲ್ಲಿ ಸುಟ್ಟಿರತದ. ಆ ಮೂರು ಗಿಣ್ಣು ಬಹುಶಃ ಹಂಗ ಹೋದವು. ಇನ್ನ ಮಾರ್ಚ್ ಮಟ ಒಂದು ಕಾಳೂ ಹಾಕಬ್ಯಾಡ್ರಿ.

ಸಂಜಿ ನೀರೂ ನಿಲ್ಲಿಸ್ರಿ. ಚಳಿಗಾಲದಾಗ ಸಂಜಿ ಬಿಟ್ಟ ನೀರು ಎಲಿ ಮ್ಯಾಲೆ ರಾತ್ರಿಯೆಲ್ಲ ಇರತದ, ಮ್ಯಾಲೆ ಇಬ್ಬನಿ ಬೇರೆ. ಬೂಷ್ಟಿಗೆ ಅದ ಬೇಕು. ಮುಂಜಾನೆ ಹುಲ್ಲಿನ ಮ್ಯಾಲೆ ಜೇಡರ ಬಲೆಯಂಗ ಬಿಳಿ ಎಳಿ, ರೂಪಾಯಿ ನಾಣ್ಯದಷ್ಟು ದುಂಡನ ಮಚ್ಚಿ ಕಂಡಾವೇನು ನೋಡ್ರಿ. ಮಲಗಿರೋ ಗರಿಕಿಗೆ ಐದಾರು ದಿನಕ್ಕೊಮ್ಮೆ, ಬೆಳಿಗ್ಗೆ ಹೊತ್ತು, ಆಳಕ್ಕ ಇಳಿಯೋಹಂಗ ಬಿಟ್ಟರ ಸಾಕು.

ಎಡದಂಡೆ_ರೈತ (ಕಾರಟಗಿ)
ಜನವರಿ 25, ಮಧ್ಯಾಹ್ನ 12:30

ನಾ ಸಂಜಿ ನೀರು ಅಂದದ್ದು ಭತ್ತದ ಮಡಿಗೆ, ಲಾನಿಗಲ್ಲ ಮತ್ತ. ಭತ್ತ ನೀರಾಗ ನಿಲ್ಲೋ ಬೆಳಿ.

ಕೋಟೆಕಲ್ಲು (ಕೊಪ್ಪಳ)
ಜನವರಿ 25, ಮಧ್ಯಾಹ್ನ 1:10

ನನ್ನ ಮಾತು ಕಹಿ ಅನಿಸಬಹುದು, ಆದರೂ ಹೇಳ್ತೀನಿ. ನಮ್ಮ ಭಾಗದಲ್ಲಿ ಬ್ಯಾಸಗಿಯಲ್ಲಿ ಕುಡಿಯೋ ನೀರಿಗೆ ಜನ ಕೊಡ ಹಿಡ್ಕೊಂಡು ನಿಲ್ತಾರೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ಇಡೀ ನಾಲ್ಕು ಜಿಲ್ಲೆ ಎದೆ ಹಿಡ್ಕೊಂಡು ಕೂತಿತ್ತು. ಇಂಥಲ್ಲಿ ಬರೇ ನೋಡೋಕೆ ಅಂತ ಹುಲ್ಲಿಗೆ ದಿನಾ ನೀರು ಬಿಡೋದು ಸರಿ ಅನಿಸ್ತದಾ? ಆ ಜಾಗದಲ್ಲಿ ಎರಡು ಬೇವಿನ ಗಿಡ ಹಚ್ಚಿದರೆ ಅತ್ತೆಯವರಿಗೆ ನೆರಳೂ ಆಗ್ತದೆ.

ಜೋಳದರೊಟ್ಟಿ (ಬಳ್ಳಾರಿ)
ಜನವರಿ 25, ಮಧ್ಯಾಹ್ನ 2:05

ನಿಮ್ಮ ಮಾತು ಕಹಿ ಅಲ್ಲ ಸರ್, ನನಗೂ ಆ ಯೋಚನೆ ಇದೆ. ಅದಕ್ಕೇ ನಳದ ನೀರು ಮುಟ್ಟಲ್ಲ. ಬೋರ್ ನೀರು, ಜೊತೆಗೆ ಅಡುಗೆಮನೆಯ ಆರ್‌ಓ ಫಿಲ್ಟರ್ ಹೊರಗೆ ಬಿಡೋ ನೀರು ವೇಸ್ಟ್ ಆಗ್ಬಾರ್ದು ಅಂತ ಪೈಪ್ ಎಳೆದು ಲಾನಿಗೇ ಬಿಟ್ಟಿದ್ದೀವಿ, ಏಳು ತಿಂಗಳಿಂದ. ದಿನಕ್ಕೆ ಮೂರು ಬಕೆಟ್ ಆದರೂ ಉಳಿಯುತ್ತೆ. ಬೇವಿನ ಗಿಡ ಕಾಂಪೌಂಡ್ ಹೊರಗೆ ಈಗಾಗಲೇ ಒಂದಿದೆ.

ಬಿಎಸ್ಸಿ_ಅಗ್ರಿ (ರಾಯಚೂರು)
ಜನವರಿ 25, ಮಧ್ಯಾಹ್ನ 2:20

ಆರ್‌ಓ ಪೈಪ್ ಲಾನಿನ ಯಾವ ಮೂಲಿಗೆ ಬೀಳತದ ಅಕ್ಕಾ?

ಜೋಳದರೊಟ್ಟಿ (ಬಳ್ಳಾರಿ)
ಜನವರಿ 25, ಮಧ್ಯಾಹ್ನ 2:31

ಗೇಟಿನ ಮೂಲೆಗೆ. ಅಯ್ಯೋ, ಸತ್ತಿರೋದು ಅದೇ ಮೂಲೆ! ಈಗ ಹೋಗಿ ನೋಡಿದೆ. ಪೈಪಿನ ಬಾಯಿಂದ ಬೀಸಣಿಗೆ ಬಿಚ್ಚಿದ ಹಾಗೆ ಹರಡಿದೆ. ಮಣ್ಣಿನ ಮೇಲೆ ತೆಳ್ಳಗೆ ಬಿಳಿ ಪದರ, ಸುಣ್ಣ ಬಳಿದ ಹಾಗೆ. ಬೆರಳಿಗೆ ಪುಡಿ ಹತ್ತುತ್ತೆ. ನಾನಿದನ್ನ ಬೂಷ್ಟು ಅಂದ್ಕೊಂಡಿದ್ದೆ.

ಬಿಎಸ್ಸಿ_ಅಗ್ರಿ (ರಾಯಚೂರು)
ಜನವರಿ 25, ಮಧ್ಯಾಹ್ನ 2:50

ಅದು ಸವಳು. ಆರ್‌ಓ ಮಷೀನ್ ನೀರಿನಾಗಿನ ಉಪ್ಪು ತಗದು ಒಗೆಯಂಗಿಲ್ಲ, ಕುಡಿಯೋ ನೀರಿನಿಂದ ಬೇರೆ ಮಾಡಿ ಉಳಿದ ನೀರಿಗೆ ಸೇರಿಸತದ, ಅಷ್ಟ. ನಮ್ಮ ಬೋರ್ ನೀರ ಮೊದಲ ಗಡಸು, ಹೊರಗ ಬೀಳೋದು ಅದರಕಿಂತ ಉಪ್ಪು. ಗರಿಕಿ ಉಪ್ಪು ತಡಕೊಳ್ಳೋ ಹುಲ್ಲ ಹೌದು, ಬಾಕಿ ಎಷ್ಟೋ ಬೆಳಿಗಿಂತ ಗಟ್ಟಿ. ಆದ್ರ ಏಳು ತಿಂಗಳು ದಿನಾ ಒಂದ ಜಾಗಕ್ಕ ಬಿದ್ದು, ನೀರು ಆವಿ ಆಗಿ ಉಪ್ಪು ಅಲ್ಲೇ ಉಳಕೊಂಡ್ರ ಯಾವ ಹುಲ್ಲು ತಡೀತದ? ಕೆಳಗ ಎರಿ ಮಣ್ಣು ಇದ್ರ ಇನ್ನೂ ಕಷ್ಟ, ನೀರು ಇಳಿಯಂಗಿಲ್ಲ.

ಅಂದ್ರ ನಿಮ್ಮ ಲಾನಿನಾಗ ಒಂದ ರೋಗ ಇಲ್ಲ. ಆ ಮೂಲಿಗೂ ಚಳಿಗೂ ಸಂಬಂಧ ಇಲ್ಲ.

ಎಡದಂಡೆ_ರೈತ (ಕಾರಟಗಿ)
ಜನವರಿ 25, ಸಂಜೆ 5:45

ಸವಳು ಅಂದ್ರೇನಂತ ನಮ್ಮನ್ನ ಕೇಳ್ರಿ. ಕಾಲುವಿ ಬಂದು ಎಪ್ಪತ್ತು ವರ್ಷ ಆತು, ತಗ್ಗಿನ ಹೊಲ್ದಾಗ ನೀರು ನಿಂತು ನಿಂತು ಬಿಳಿ ಆಗಿ ಕುಂತಾವು. ನಮ್ಮಪ್ಪ ಜೋಳ ಬೆಳದ ಎರಡು ಎಕರೆ ಈಗ ಏನೂ ಬೆಳಿಯಂಗಿಲ್ಲ. ಆ ನೆಲ ನೋಡಿದ್ರ ಹೊಟ್ಟಿ ಉರಿತದ.

ನರ್ಸರಿಯವ (ಸಿರುಗುಪ್ಪ)
ಜನವರಿ 25, ಸಂಜೆ 6:30

ಸವಳಿಗೆ ಜಿಪ್ಸಂ ಹಾಕಿ ಮೇಡಂ, ಸರಿಹೋಗುತ್ತೆ.

ಬಿಎಸ್ಸಿ_ಅಗ್ರಿ (ರಾಯಚೂರು)
ಜನವರಿ 25, ಸಂಜೆ 7:00

ಎಲ್ಲಾ ಸವಳಿಗೂ ಜಿಪ್ಸಂ ಅಲ್ಲ ಅಣ್ಣಾ. ಮಣ್ಣಿನಾಗ ಸೋಡಿಯಂ ಕೂತು ಮಣ್ಣು ಬಿಗಿದಿದ್ರ ಜಿಪ್ಸಂ ಬೇಕು. ಬರೇ ಉಪ್ಪು ಕೂಡಿದ್ರ ಒಳ್ಳೆ ನೀರು ನಿಲ್ಲಿಸಿ ಬೇರಿನಿಂದ ಕೆಳಗ ತೊಳದು ಇಳಸೋದ ದಾರಿ. ಯಾವುದು ಅಂತ ಮಣ್ಣು ಪರೀಕ್ಷೆ ಹೇಳತದ. ಬಳ್ಳಾರಿಯವರಿಗೆ ಹಗರಿಯ ಕೃಷಿ ವಿಜ್ಞಾನ ಕೇಂದ್ರ ಹತ್ರ. ಗಂಗಾವತಿ ಸಂಶೋಧನಾ ಕೇಂದ್ರದಾಗ ಸವಳು ನೆಲದ ಮ್ಯಾಲೇ ಎಷ್ಟೋ ವರ್ಷದಿಂದ ಕೆಲಸ ನಡದದ.

ಲೆಕ್ಕದ_ಮೇಷ್ಟ್ರು (ಕೊಪ್ಪಳ)
ಜನವರಿ 25, ರಾತ್ರಿ 8:15

ಎಲ್ಲರ ಮಾತೂ ಓದಿದೆ. ಮೇಡಂ, ನನಗೆ ಕಾಡ್ತಿರೋದು ಬೇರೆ. 15 ಅಡಿ ಕಂದು, 5 ಅಡಿ ಹಸಿರು ಅಂದಿರಿ. ಚಳಿ ಲಾನಿನ ತುಂಬಾ ಒಂದೇ ಸಮ ಇರುತ್ತೆ, 15 ಅಡಿಗೆ ಬಂದು ನಿಲ್ಲಲ್ಲ. ಆ ಕಂದು–ಹಸಿರಿನ ನಡುವಿನ ಗೆರೆ ಹೇಗಿದೆ? ಮನೆ ಯಾವ ದಿಕ್ಕಿಗೆ ಮುಖ ಮಾಡಿದೆ? ಹೋದ ವರ್ಷವೂ ಹೀಗೆ ಆಗಿತ್ತಾ?

ಜೋಳದರೊಟ್ಟಿ (ಬಳ್ಳಾರಿ)
ಜನವರಿ 25, ರಾತ್ರಿ 8:40

ಗೆರೆ ನೇರ ಇದೆ ಸರ್, ದಾರ ಹಿಡಿದು ಎಳೆದ ಹಾಗೆ. ಉತ್ತರ ದಿಕ್ಕಿನ ಮನೆ, ಲಾನ್ ಮನೆಯ ಉತ್ತರಕ್ಕೆ. ಗೋಡೆಗೂ ಲಾನಿಗೂ ನಡುವೆ 4 ಅಡಿ ಕಟ್ಟೆ. ಹೋದ ವರ್ಷ ಗೋಡೆ ಪಕ್ಕ ಐದಾರು ಅಡಿ ಮಾತ್ರ ಸ್ವಲ್ಪ ಮಂಕಾಗಿತ್ತು, ಯಾರೂ ಅಷ್ಟು ಗಮನ ಕೊಡಲಿಲ್ಲ.

ಲೆಕ್ಕದ_ಮೇಷ್ಟ್ರು (ಕೊಪ್ಪಳ)
ಜನವರಿ 25, ರಾತ್ರಿ 8:44

ಈ ವರ್ಷ ಮೇಲೆ ಮಹಡಿ ಕಟ್ಟಿದಿರಾ?

ಜೋಳದರೊಟ್ಟಿ (ಬಳ್ಳಾರಿ)
ಜನವರಿ 25, ರಾತ್ರಿ 8:47

ಹೌದು! ಜೂನ್‌ಗೆ ಮುಗೀತು. ಆಗಲೇ ಹೊಸ ಆರ್‌ಓ ಕೂಡ ಹಾಕಿಸಿದ್ದು. ನಿಮಗೆ ಹೇಗೆ ಗೊತ್ತಾಯ್ತು ಸರ್?

ಲೆಕ್ಕದ_ಮೇಷ್ಟ್ರು (ಕೊಪ್ಪಳ)
ಜನವರಿ 25, ರಾತ್ರಿ 9:20

ನೀವು ಕೊಟ್ಟ ಅಡಿಗಳೇ ಹೇಳಿದವು. ನೋಡಿ, ಬಳ್ಳಾರಿ ಇರೋದು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21–22ಕ್ಕೆ ಸೂರ್ಯ ಸುಮಾರು ಇಪ್ಪತ್ಮೂರೂವರೆ ಡಿಗ್ರಿ ದಕ್ಷಿಣಕ್ಕಿರುತ್ತಾನೆ. ಎರಡೂ ಕೂಡಿಸಿದರೆ ಮೂವತ್ತೆಂಟೂವರೆ. ನಡು ಮಧ್ಯಾಹ್ನವೂ ನೆತ್ತಿಯಿಂದ ಅಷ್ಟು ದಕ್ಷಿಣಕ್ಕೆ ವಾಲಿರುತ್ತಾನೆ. ಮಹಡಿ, ಪ್ಯಾರಾಪೆಟ್ ಸೇರಿ ನಿಮ್ಮ ಮನೆ 24 ಅಡಿ ಅಂತ ಇಟ್ಕೊಳ್ಳಿ. ಅಷ್ಟು ವಾಲಿದಾಗ ಎತ್ತರದ ಹತ್ತರಲ್ಲಿ ಸುಮಾರು ಎಂಟು ಪಾಲು ನೆರಳು ಬೀಳುತ್ತೆ, ಅಂದರೆ ಉತ್ತರಕ್ಕೆ 19 ಅಡಿ. ಕಟ್ಟೆಯ 4 ಅಡಿ ಕಳೀರಿ, ಲಾನಿನ ಮೇಲೆ 15 ಅಡಿ. ನಿಮ್ಮ ಗೆರೆ ಅಲ್ಲೇ ಇದೆ. ಹೋದ ವರ್ಷ 12 ಅಡಿ ಮನೆ, ಒಂಬತ್ತೂವರೆ ಅಡಿ ನೆರಳು, ಕಟ್ಟೆ ಕಳೆದರೆ ಐದೂವರೆ. ಅದೂ ನೀವು ಹೇಳಿದ ಐದಾರು ಅಡಿಯೇ.

ಹುಲ್ಲಿನ ಮುಕ್ಕಾಲು ಪಾಲಿಗೆ ಎರಡು ತಿಂಗಳಿಂದ ನಡು ಮಧ್ಯಾಹ್ನದ ಬಿಸಿಲೇ ಬಿದ್ದಿಲ್ಲ. ನಾಳೆ 12:35ರ ಸುಮಾರಿಗೆ ಟೇಪ್ ಹಿಡಿದು ಅಳೆದು ನೋಡಿ. ನಮ್ಮ ಕಡೆ ಈ ತಿಂಗಳು ಸೂರ್ಯ ಅತಿ ಎತ್ತರಕ್ಕೆ ಬರೋದು ಆ ಹೊತ್ತಿಗೆ, ಗಡಿಯಾರದ 12ಕ್ಕಲ್ಲ. ಈಗ ನೆರಳು ಲಾನಿನ ಮೇಲೆ 12 ಅಡಿ ಇರಬೇಕು.

ಟೊರೊಂಟೊ_ರಾಯಚೂರಿ
ಜನವರಿ 25, ರಾತ್ರಿ 10:30

ಮೇಷ್ಟ್ರೇ, ಓದಿ ಖುಷಿ ಆಯ್ತ್ರೀ! ನಾನು ರಾಯಚೂರಿನವ, ಮಗಳ ಮನಿಗೆ ಬಂದು ಇಲ್ಲೇ ಇದ್ದೀನಿ. ಈಗ ಹಿತ್ತಲದಾಗ ಮೊಣಕಾಲುಮಟ ಹಿಮ. ಅದರ ಕೆಳಗ ಹುಲ್ಲು ನಾಲ್ಕು ತಿಂಗಳು ಮಲಗಿರ್ತದ. ಏಪ್ರಿಲ್‌ಗೆ ಹಿಮ ಕರಗಿದ ಮ್ಯಾಲ ನೋಡಿದ್ರ ದುಂಡಗ ಬೂದು ಬಣ್ಣದ ಮಚ್ಚಿ, ಹುಲ್ಲು ನೆಲಕ್ಕ ಮೆತ್ತಿಕೊಂಡಿರ್ತದ. ಹಿಮದ ಕೆಳಗ ಬೆಳಿಯೋ ಬೂಷ್ಟು ಅದು. ಹಲ್ಲಿನ ಕೋಲಿಲೆ ಹಗೂರಕ ಎಳದು ಗಾಳಿ ಆಡೋಹಂಗ ಮಾಡಿದ್ರ ಹೆಚ್ಚಿನಂಶ ತಾನಾಗೇ ಏಳ್ತದ.

ಇಲ್ಲಿ ರಸ್ತೆ ಮ್ಯಾಲಿನ ಹಿಮ ಕರಗಸಾಕ ಉಪ್ಪು ಚೆಲ್ತಾರ. ರಸ್ತೆ ಅಂಚಿನ ಹುಲ್ಲು ಪ್ರತಿ ವರ್ಷ ಸಾಯ್ತದ. ಎಲ್ಲಾರೂ ಚಳಿ ಚಳಿ ಅಂತಾರ, ಕೊಂದಿರೋದು ಉಪ್ಪು. ತಂಗಿಯ ಗೇಟಿನ ಮೂಲಿ ಓದಿದಾಗ ಅದ ನೆನಪಾತು. ಇಲ್ಲಿಯವರು ವಸಂತಕ್ಕ ನೀರು ಹಾಯಿಸಿ ಆ ಉಪ್ಪು ತೊಳೀತಾರ.

ಒಂದು ಎಚ್ಚರಿಕೆ. ಇಲ್ಲಿನ ಹುಲ್ಲಿನ ಜಾತಿ ಬ್ಯಾರೆ, 15ರಿಂದ 24 ಡಿಗ್ರಿಗೆ ಚಲೋ ಬೆಳಿಯೋವು. ಯೂಟ್ಯೂಬ್‌ನಾಗ ‘ಚಳಿ ಮುಗಿದ ಕೂಡಲೇ ಬೀಜ ಚೆಲ್ಲಿ’ ಅನ್ನೋ ವಿಡಿಯೊ ಇಂಥಾ ಊರಿನವು. ಅದನ್ನ ನೋಡಿ ಬೀಜ ತರಿಸಿದ್ರ ನಮ್ಮ ಏಪ್ರಿಲ್ ಬಿಸಲಿಗೆ ಒಂದೂ ಉಳಿಯಂಗಿಲ್ಲ.

ಫೌಜಿ (ಕುಷ್ಟಗಿ)
ಜನವರಿ 26, ಬೆಳಿಗ್ಗೆ 7:00

ಎಲ್ಲರಿಗೂ ಗಣರಾಜ್ಯೋತ್ಸವದ ಶುಭಾಶಯ. ನಾನು ಪಂಜಾಬಿನಾಗ ನಾಲ್ಕು ವರ್ಷ ಇದ್ದೆ. ಅಲ್ಲಿ ಮೆಸ್ ಮುಂದಿನ ಲಾನ್ ಇದೇ ಕರಕಿ. ಜನವರಿಯಾಗ ಮುಂಜಾನೆ ಹುಲ್ಲಿನ ಮ್ಯಾಲ ಬೆಳ್ಳನ ಹೆಪ್ಪು, ಉಪ್ಪು ಉದುರಿಸಿದಂಗ. ಬಿಸಿಲು ಬಂದು ಅದು ಕರಗೋಮಟ ಯಾರೂ ಕಾಲಿಡಬಾರದು ಅಂತ ಕಟ್ಟುನಿಟ್ಟು. ಒಂದಿನ ಹೊಸ ಹುಡುಗ ಒಬ್ಬ ಅಡ್ಡ ಹಾಯ್ದು ಹೋದ. ಮೂರು ದಿನಕ್ಕ ಅವನ ಬೂಟಿನ ಹೆಜ್ಜಿ ಹೆಜ್ಜಿನೂ ಕರ್ರಗ ಎದ್ದು ಕಂಡ್ವು. ಹೆಪ್ಪುಗಟ್ಟಿದ ಎಲಿ ತುಳದ್ರ ಒಳಗ ಗಾಜು ಒಡದಂಗ ಒಡೀತದ ಅಂತ ಮಾಲಿ ಹೇಳಿದ. ಫೆಬ್ರವರಿ ಕೊನಿಮಟ ಇಡೀ ಲಾನ್ ಒಣ ಹುಲ್ಲು. ಹೋಳಿ ಹೊತ್ತಿಗೆ ಹಸಿರು. ಅಷ್ಟು ಥಂಡಿ ತಡಕೊಂಡ ಕರಕಿ ಬಳ್ಳಾರಿ ಥಂಡಿಗೆ ಹೆದರಂಗಿಲ್ಲ ಅಕ್ಕಾ, ಧೈರ್ಯ ಇರಲಿ.

ಜೋಳದರೊಟ್ಟಿ (ಬಳ್ಳಾರಿ)
ಜನವರಿ 26, ಮಧ್ಯಾಹ್ನ 1:05

ಮೇಷ್ಟ್ರೇ, ಅಳೆದೆ. 12 ಅಡಿ 3 ಇಂಚು! ಟೇಪಿನ ಒಂದು ತುದಿ ಅತ್ತೆ ಹಿಡಿದಿದ್ದರು. ಪ್ಯಾರಾಪೆಟ್ಟಿನ ನೆರಳು ಹುಲ್ಲಿನ ಮೇಲೆ ಗೆರೆ ಹಾಕಿತ್ತು. ಅದರಾಚೆ ಮೂರು ಅಡಿಯಷ್ಟು ಕಂದು ಜಾಗಕ್ಕೆ ಈಗ ಬಿಸಿಲು ಬಂದಿದೆ. ಬಗ್ಗಿ ನೋಡಿದರೆ ಗಿಣ್ಣುಗಳಲ್ಲಿ ಸೂಜಿ ಮೊನೆಯಷ್ಟು ಹಸಿರು ಕಾಣ್ತಿದೆ, ಅಲ್ಲಲ್ಲಿ. ನೆರಳಿನೊಳಗೆ ಒಂದೂ ಇಲ್ಲ.

ತುಂಗೆಯ_ಮಗಳು (ಗಂಗಾವತಿ)
ಜನವರಿ 26, ಮಧ್ಯಾಹ್ನ 1:20

ಓದಿ ಮೈ ಜುಂ ಅಂತು. ನಮ್ಮ ಮನೀದೂ ನಾಳೆ ಅಳೀತೀನಿ.

ಬಿಎಸ್ಸಿ_ಅಗ್ರಿ (ರಾಯಚೂರು)
ಜನವರಿ 26, ಮಧ್ಯಾಹ್ನ 2:00

ಮೇಷ್ಟ್ರಿಗೆ ಶರಣು. ನೆರಳು ನನಗ ಹೊಳೀಲೇ ಇಲ್ಲ. ಗರಿಕಿಗೆ ಚಳಿಗಿಂತ ನೆರಳಿನ ಕಾಟ ಜಾಸ್ತಿ, ದಿನಕ್ಕ ಆರು ತಾಸಾದ್ರೂ ಬಿಸಿಲು ಬೇಕು ಅದಕ್ಕ. ಚಳಿ, ನೆರಳು, ಸಂಜಿ ನೀರು, ಯೂರಿಯಾ ನಾಲ್ಕೂ ಒಂದೇ ಜಾಗಕ್ಕ ಬಿದ್ದಾವು.

ಇನ್ನೂ ಅನುಮಾನ ಇದ್ರ ಹಿಂಗ ಮಾಡ್ರಿ. ಕಂದು ಜಾಗದಿಂದ ಅಂಗೈಯಷ್ಟು, ಸವಳು ಮೂಲಿಯಿಂದ ಅಂಗೈಯಷ್ಟು, ಬೇರು ಮಣ್ಣು ಸಮೇತ ಕುರ್ಪಿಲೆ ಎಬ್ಬಿಸಿ ಎರಡು ಕುಂಡದಾಗ ಇಟ್ಟು ಮಾಳಿಗಿ ಮ್ಯಾಲೆ ಬಿಸಿಲಿಗೆ ಇಡ್ರಿ. ಒಳ್ಳೆ ನೀರು ಹಾಕ್ರಿ. ಹತ್ತು ಹನ್ನೆರಡು ದಿನಕ್ಕ ಅವ ಹೇಳತಾವು.

ಮಂಡಕ್ಕಿ_ಮಿರ್ಚಿ (ಕೊಪ್ಪಳ)
ಜನವರಿ 26, ಸಂಜೆ 4:50

ವಿಷಯಕ್ಕ ಸಂಬಂಧ ಇಲ್ಲ, ಕ್ಷಮಿಸ್ರಿ. ಇಷ್ಟೆಲ್ಲ ಹುಲ್ಲಿನ ಮಾತು ಓದಿ ಹಸಿವಾತು. ಟೊರೊಂಟೊ ಕಾಕಾ, ಅಲ್ಲಿ ಮಿರ್ಚಿ ಸಿಗ್ತಾವೇನ್ರಿ? ಈ ಸಲ ಗವಿಮಠದ ಜಾತ್ರಿ ದಾಸೋಹದಾಗ ಬಿಸಿ ಬಿಸಿ ಮಿರ್ಚಿ ತಿಂದೀವಿ.

ಟೊರೊಂಟೊ_ರಾಯಚೂರಿ
ಜನವರಿ 26, ರಾತ್ರಿ 9:00

ಕಡ್ಲಿ ಹಿಟ್ಟು ಸಿಗ್ತದ, ಮೆಣಸಿನಕಾಯಿ ಸಿಗ್ತದ, ಆ ರುಚಿ ಸಿಗಂಗಿಲ್ಲಪಾ. ಜಾತ್ರಿ ಅಂದ್ರ ಕಣ್ಣು ತುಂಬ್ತಾವ ನೋಡು.

ಜೋಳದರೊಟ್ಟಿ (ಬಳ್ಳಾರಿ)
ಫೆಬ್ರವರಿ 8, ಸಂಜೆ 6:10

ಹನ್ನೆರಡು ದಿನ ಆಯ್ತು. ಕುಂಡದ ಸುದ್ದಿ ಹೇಳ್ತೀನಿ. ನೆರಳಿನ ಜಾಗದ ತುಂಡಿನಲ್ಲಿ ಎಣಿಸಿದರೆ 23 ಹೊಸ ಚಿಗುರು. ಒಂದು ಬಳ್ಳಿ ಕುಂಡದ ಅಂಚು ದಾಟಿ ಕೆಳಗೆ ಇಳೀತಿದೆ. ಸವಳು ಮೂಲೆಯ ತುಂಡಿನಲ್ಲಿ ಒಂದೂ ಇಲ್ಲ, ಮುಟ್ಟಿದರೆ ಪುಡಿ ಆಗುತ್ತೆ.

ಪಕ್ಕದ ಮನೆಯವರ ಹತ್ತಿರ ಟಿಡಿಎಸ್, ಅಂದರೆ ನೀರಲ್ಲಿ ಕರಗಿರೋ ಉಪ್ಪಿನಂಶ, ನೋಡೋ ಸಣ್ಣ ಕಡ್ಡಿ ಇತ್ತು. ನಮ್ಮ ಬೋರ್ ನೀರು 1,100 ತೋರಿಸ್ತು, ಆರ್‌ಓ ಹೊರಗೆ ಬಿಡೋದು 1,800. ಪೈಪ್ ಅವತ್ತೇ ಬಿಚ್ಚಿಸಿದೆ. ಈಗ ಆ ನೀರಲ್ಲಿ ಅಂಗಳ ತೊಳೀತೀವಿ, ಟಾಯ್ಲೆಟ್‌ಗೆ ಹಾಕ್ತೀವಿ. ಕೋಟೆಕಲ್ಲು ಸರ್, ಲಾನಿಗೆ ಈಗ ಆರು ದಿನಕ್ಕೊಮ್ಮೆ ಮಾತ್ರ ನೀರು, ಬೆಳಿಗ್ಗೆ ಏಳಕ್ಕೆ. ನೀವು ಕೇಳಿದ್ದು ಒಳ್ಳೇದಾಯ್ತು, ನೀವು ಕೇಳದಿದ್ದರೆ ಆರ್‌ಓ ವಿಷಯ ನಾನು ಹೇಳ್ತಾನೇ ಇರಲಿಲ್ಲ.

ಕೋಟೆಕಲ್ಲು (ಕೊಪ್ಪಳ)
ಫೆಬ್ರವರಿ 8, ರಾತ್ರಿ 8:00

ಸಂತೋಷ ಆಯ್ತಮ್ಮಾ. ಹನಿ ಹನಿ ಲೆಕ್ಕ ಇಟ್ಟು ಬೆಳೆಸೋ ಹುಲ್ಲಿಗೆ ನನ್ನ ತಕರಾರಿಲ್ಲ. ಸತ್ತ ಮೂಲೆಗೆ ಮತ್ತೆ ಹುಲ್ಲು ಹಾಕೋದನ್ನ ಮಾತ್ರ ಇನ್ನೊಮ್ಮೆ ಯೋಚಿಸಿ.

ನರ್ಸರಿಯವ (ಸಿರುಗುಪ್ಪ)
ಫೆಬ್ರವರಿ 9, ಬೆಳಿಗ್ಗೆ 8:45

ಮೇಡಂ, ನಾನು ಲಾನ್ ನೋಡದೇ ಯೂರಿಯಾ ಹಾಕಿ ಅಂದೆ, ಅದು ತಪ್ಪು. ನಾನು ಎಬ್ಬಿಸಿದ ಲಾನ್‌ಗಳೆಲ್ಲ ಬಯಲಲ್ಲಿ ಬಿಸಿಲಿಗೆ ಇದ್ದವು, ಈಗ ಯೋಚಿಸಿದರೆ ಗೊತ್ತಾಗುತ್ತೆ. ಇನ್ನು ಮೇಲೆ ಗಿರಾಕಿಗಳಿಗೆ ಮೊದಲು ದಿಕ್ಕು ಕೇಳ್ತೀನಿ.

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತೆ. ಆಮೇಲೆ ರಾತ್ರಿಯೂ ಸೆಕೆ ಅನಿಸೋಕೆ ಶುರುವಾದ ಮೇಲೆ ಒಣ ಎಲೆ ಕತ್ತರಿಸಿ. ಒಂದೇ ಸಲ ಬೋಳಿಸಬೇಡಿ, ಇರೋ ಎತ್ತರದಲ್ಲಿ ಮೂರನೇ ಒಂದು ಭಾಗ, ವಾರ ಬಿಟ್ಟು ಮತ್ತೆ. ಹಲ್ಲಿನ ಕೋಲಲ್ಲಿ ಸತ್ತ ಹುಲ್ಲು ಎಳೆದು ತೆಗೀರಿ. ಜರಡಿ ಹಿಡಿದ ತಿಪ್ಪೆ ಗೊಬ್ಬರ ಕಾಲು ಇಂಚು, ಹುಲ್ಲಿನ ತುದಿ ಕಾಣೋ ಹಾಗೆ. ಹಸಿ ಗೊಬ್ಬರ ಹಾಕಿದರೆ ಗೆದ್ದಲೂ ಗೊಣ್ಣೆಹುಳವೂ ಬರುತ್ತೆ, ಜೇಕು ಅನ್ನೋ ಕಳೆಯ ಗೆಡ್ಡೆಯೂ ಅದರ ಜೊತೆ ಬರುತ್ತೆ. ಜೇಕು ಒಮ್ಮೆ ಬಂದರೆ ನನ್ನನ್ನ ಬೈತೀರಿ.

ಗೋಡೆ ಪಕ್ಕದ ಆರು ಅಡಿಗೆ ಮುಂದಿನ ಚಳಿಗಾಲವೂ ಇದೇ ಗತಿ. ಅಲ್ಲಿಗೆ ಬಫೆಲೊ ಹುಲ್ಲು ಹಾಕಿ, ಅಗಲ ಎಲೆ, ಗರಿಕೆಗಿಂತ ನೆರಳು ತಡೆಯುತ್ತೆ.

ಬಿಎಸ್ಸಿ_ಅಗ್ರಿ (ರಾಯಚೂರು)
ಫೆಬ್ರವರಿ 9, ಬೆಳಿಗ್ಗೆ 9:10

ಈ ಮಾತಿಗೆ ನಂದು ಪೂರಾ ಒಪ್ಪಿಗಿ ಅಣ್ಣಾ. ಒಂದ ಸೇರಿಸ್ತೀನಿ. ಮುಂದಿನ ವರ್ಷ ಅಕ್ಟೋಬರ್‌ನಾಗ, ಚಳಿ ಬರೋಕ ಮೊದಲ, ಸ್ವಲ್ಪ ಪೊಟ್ಯಾಷ್ ಕೊಟ್ಟು, ದೀಪಾವಳಿ ಆದಮ್ಯಾಲೆ ಯೂರಿಯಾ ನಿಲ್ಲಿಸ್ರಿ. ಹುಲ್ಲು ಎರಡು ಇಂಚಿನಷ್ಟು ಎತ್ತರ ಬಿಡ್ರಿ. ಎಲಿ ಜಾಸ್ತಿ ಇದ್ದಷ್ಟು ಸಿಕ್ಕ ಬಿಸಿಲು ಹಿಡೀತದ.

ಎಡದಂಡೆ_ರೈತ (ಕಾರಟಗಿ)
ಫೆಬ್ರವರಿ 9, ಮಧ್ಯಾಹ್ನ 1:00

ಬಫೆಲೊ ಯಾಕ? ಗೋಡಿ ಪಕ್ಕ ಕರಿಬೇವು, ದೊಡ್ಡಪತ್ರಿ, ವೀಳ್ಯದೆಲಿ ಬಳ್ಳಿ ಹಚ್ಚಲಿ. ಮನಿಗೆ ಉಪಯೋಗ ಆಗ್ತಾವ.

ನರ್ಸರಿಯವ (ಸಿರುಗುಪ್ಪ)
ಫೆಬ್ರವರಿ 9, ಮಧ್ಯಾಹ್ನ 1:25

ಕರಿಬೇವಿಗೂ ಬಿಸಿಲು ಬೇಕು ಕಾಕಾ. ವೀಳ್ಯದೆಲೆ, ದೊಡ್ಡಪತ್ರೆ ಆದರೆ ನೆರಳಿಗೂ ಬರುತ್ತೆ.

ಲೆಕ್ಕದ_ಮೇಷ್ಟ್ರು (ಕೊಪ್ಪಳ)
ಫೆಬ್ರವರಿ 9, ರಾತ್ರಿ 8:30

ಏನೇ ಹಾಕೋದಾದರೂ ಇದು ನೆನಪಿರಲಿ. ಆ ಗೋಡೆ ಪಕ್ಕ ವರ್ಷವಿಡೀ ನೆರಳಲ್ಲ. ಏಪ್ರಿಲ್ ಕೊನೆಗೆ ಸೂರ್ಯ ಬಳ್ಳಾರಿಯ ನೆತ್ತಿ ಮೇಲೆ ಬರ್ತಾನೆ, ಅಲ್ಲಿಂದ ಆಗಸ್ಟ್ ಎರಡನೇ ವಾರದವರೆಗೆ ಉತ್ತರಕ್ಕೇ ಇರ್ತಾನೆ. ಮೇ ತಿಂಗಳ ಉರಿಬಿಸಿಲು ಅದೇ ಜಾಗಕ್ಕೆ ನೇರ ಬೀಳುತ್ತೆ. ವೀಳ್ಯದೆಲೆ ಆಗ ಬಾಡುತ್ತೆ. ಚಳಿಗಾಲದ ನೆರಳು, ಬೇಸಗೆಯ ಬಿಸಿಲು ಎರಡೂ ತಡೆಯೋದನ್ನ ಹಾಕಬೇಕು.

ಜೋಳದರೊಟ್ಟಿ (ಬಳ್ಳಾರಿ)
ಮಾರ್ಚ್ 14, ಸಂಜೆ 6:40

ತಡವಾಯ್ತು, ಕ್ಷಮಿಸಿ. ಇವತ್ತು ಮಧ್ಯಾಹ್ನ ನೆರಳು ಲಾನಿನ ಮೇಲೆ 4 ಅಡಿಗೂ ಕಡಿಮೆ. ಅದರಾಚೆಯದ್ದೆಲ್ಲ ಹಸಿರಾಗಿದೆ. ಯೂರಿಯಾ ಸುಟ್ಟ ಕಡೆ ಅಲ್ಲಲ್ಲಿ ಅಂಗೈಯಷ್ಟು ಬೋಳಿದೆ, ಸುತ್ತಲಿನ ಬಳ್ಳಿ ಒಳಗೆ ಹಬ್ಬಿಕೊಂಡು ಬರ್ತಿದೆ. ನರ್ಸರಿ ಅಣ್ಣ ಹೇಳಿದ ಹಾಗೆ ಎರಡು ಸಲ ಕತ್ತರಿಸಿ, ಹಳೇ ತಿಪ್ಪೆ ಗೊಬ್ಬರ ಜರಡಿ ಹಿಡಿಸಿ ಹಾಕಿದೆ. ಯೂರಿಯಾ ಹೋಳಿ ಆದಮೇಲೆ ಅರ್ಧ ಕೆಜಿ, ತೂಕ ಹಾಕಿಯೇ.

ಸವಳು ಮೂಲೆಯ ಮಣ್ಣು ಹಗರಿಗೆ ಕೊಟ್ಟು ಬಂದಿದ್ದೀವಿ. ವರದಿ ಬಂದಮೇಲೆ ಜಿಪ್ಸಂ ಬೇಕಾ ಬೇಡವಾ ಇಲ್ಲೇ ಕೇಳ್ತೀನಿ. ಅಲ್ಲಿ ಈಗ ಏನೂ ನೆಡಲ್ಲ, ಮಳೆಗಾಲದ ನೀರು ಒಂದು ಸಲ ಇಳೀಲಿ.

ಗೋಡೆ ಪಕ್ಕದ ನಾಲ್ಕು ಅಡಿ ಏನು ಮಾಡೋದು ಅಂತ ಇನ್ನೂ ಜಗಳ ನಡೀತಿದೆ. ನಮ್ಮೆಜಮಾನ್ರು ಅಷ್ಟಕ್ಕಾದರೂ ಟೈಲ್ಸ್ ಅಂತಾರೆ, ನಾನು ಬಫೆಲೊ ಹುಲ್ಲು ಅಂತೀನಿ. ಅತ್ತೆ ಮಾಳಿಗೆ ಮೇಲಿದ್ದ ಕುಂಡ ಕೆಳಗೆ ತರಿಸಿ, ಆ 23 ಚಿಗುರಿನ ಗರಿಕೆಯನ್ನ ಬೇರೆ ಬೇರೆ ಕಡ್ಡಿ ಮಾಡಿ ಇವತ್ತು ಬೆಳಿಗ್ಗೆ ಬೋಳು ಜಾಗಕ್ಕೆ ನೆಟ್ಟರು. ಮಾವನವರ ಆ ಸಣ್ಣ ಮಣೆ ಹುಡುಕಿ ತಂದು ಅದರ ಮೇಲೇ ಕೂತಿದ್ದರು.

ತುಂಗೆಯ_ಮಗಳು (ಗಂಗಾವತಿ)
ಮಾರ್ಚ್ 14, ರಾತ್ರಿ 7:15

ನಮ್ಮದು ಪೂರ್ವ ದಿಕ್ಕಿನ ಮನಿ, ನೆರಳು ಅಲ್ಲ ಅಂತ ಗೊತ್ತಾತು. ಹುಲ್ಲು ಹಿಡಿದು ಎಳದ್ರ ಚಾಪಿ ಸುತ್ತಿದಂಗ ಬುಡಸಮೇತ ಏಳಾಕತ್ತೇತಿ, ಕೆಳಗ ಬೆಳ್ಳನ ದಪ್ಪನ ಹುಳ ಮುದುಡಿಕೊಂಡು ಮಲಗ್ಯಾವು. ಬ್ಯಾರೆ ಚರ್ಚೆ ಶುರು ಮಾಡ್ಲೇನು?

ನರ್ಸರಿಯವ (ಸಿರುಗುಪ್ಪ)
ಮಾರ್ಚ್ 14, ರಾತ್ರಿ 7:22

ಅದು ಗೊಣ್ಣೆಹುಳ ತಂಗಿ. ಬೇರೆಯೇ ಶುರು ಮಾಡಿ, ಫೋಟೊ ಹಾಕಿ. ಈ ಸಲ ನೋಡಿಯೇ ಹೇಳ್ತೀನಿ.